ಮೋಟಿವೇಶನ್ ವಿಡಿಯೋ ನೋಡಿ ಸಾಕಾಗಿದೆ, ವ್ಯಾಪಾರಕ್ಕೂ ಡಿಸೈನ್ ಕೆಲ್ಸಕ್ಕೂ ನಿಜವಾಗ್ಲೂ ಉಪಯೋಗ ಆಗಿರೋ ಪುಸ್ತಕ, ಭಾಷಣ ಇದ್ರೆ ಹೇಳ್ರಪ್ಪ

ಮೊಳೆಮನೆ (ದಾವಣಗೆರೆ)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ದು ದಾವಣಗೆರೆಲಿ ಒಂದು ಸಣ್ಣ ಪ್ರೆಸ್ಸು. ಅಪ್ಪಾಜಿ ಕಾಲದಲ್ಲಿ ಟ್ರೆಡಲ್ ಮಷೀನು, ಕಾಲಲ್ಲಿ ತುಳಿಯೋದು, ಮೊಳೆ (ಸೀಸದ ಅಚ್ಚಿನ ಅಕ್ಷರ) ಜೋಡಿಸಿ ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆ ಹ್ಯಾಂಡ್‌ಬಿಲ್ಲು ಎಲ್ಲ ಹಾಕೋರು. ನಾನು ಬಂದ್ಮೇಲೆ ಕಂಪ್ಯೂಟರು, ನುಡಿ, ಕೋರಲ್ ಡ್ರಾ ಸಾಫ್ಟ್‌ವೇರು, ಸೆಕೆಂಡ್ ಹ್ಯಾಂಡ್ ಮಿನಿ ಆಫ್‌ಸೆಟ್ ಮಷೀನು. ಹತ್ತು ವರ್ಷ ಚೆನ್ನಾಗೇ ನಡೀತು. ಈಗ ಏನಾಗಿದೆ ಅಂದ್ರೆ ಮುಂಚೆ 800 ಪತ್ರಿಕೆ ಹಾಕ್ಸೋ ಮನೆಯವ್ರು ದೇವರ ಮುಂದೆ ಇಡೋಕೆ, ಹಿರಿಯರ ಕೈಗೆ ಕೊಡೋಕೆ ಅಂತ 100 ಹಾಕ್ಸಿ ಮಿಕ್ಕಿದ್ದೆಲ್ಲ ವಾಟ್ಸಾಪಲ್ಲಿ ಕಳಿಸ್ತಾರೆ, ಅದರ ಮೇಲೆ ಆ ವಾಟ್ಸಾಪ್ ಇಮೇಜನ್ನೂ ನಮ್ಮತ್ರಾನೇ ಫ್ರೀ ಮಾಡಿಸ್ಕೊಂಡು ಹೋಗ್ತಾರೆ. ಫ್ಲೆಕ್ಸ್ ಮಷೀನ್ ಹಾಕೋಣ ಅಂದ್ರೆ ಅಷ್ಟು ಸಾಲ ಎತ್ತೋ ಧೈರ್ಯ ಇಲ್ಲ, ಆಮೇಲೆ ಹುಟ್ಟುಹಬ್ಬದ ಫ್ಲೆಕ್ಸ್ ಹಾಕ್ಸೋರು ದುಡ್ಡು ಯಾವಾಗ ಕೊಡ್ತಾರೆ ಅನ್ನೋದು ಈ ಲೈನಲ್ಲಿ ಇರೋರಿಗೆಲ್ಲ ಗೊತ್ತೇ ಐತೆ.

ಇದೆಲ್ಲ ನೋಡಿ ನನ್ನ ಭಾಮೈದ ದಿನಾ ಬೆಳಗ್ಗೆ ಒಂದು ರೀಲ್ ಕಳಿಸ್ತಾನೆ. ಸಿಂಹ ಓಡ್ತಿರುತ್ತೆ, ಹಿಂದ್ಗಡೆ ಡ್ರಮ್ಮು, ಯಾರೋ ಗಟ್ಟಿ ದನಿಲಿ ಎದ್ದೇಳು ಅಂತಾನೆ. ನಾನು ಎದ್ದೇ ಇರ್ತೀನಿ, ಪ್ರೂಫ್ ನೋಡ್ತಿರ್ತೀನಿ. ಹೋದ ತಿಂಗಳು ಅವನ ಕಾಟಕ್ಕೆ 3,500 ಕೊಟ್ಟು ಒಂದು ಹೋಟೆಲ್ ಹಾಲಲ್ಲಿ ಸೆಮಿನಾರಿಗೂ ಹೋದೆ. ಎದ್ದು ನಿಂತು ಚಪ್ಪಾಳೆ ಹೊಡಿಸಿದ್ರು, ಪಕ್ಕದವನನ್ನ ತಬ್ಕೊಳ್ಳಿ ಅಂದ್ರು, ಪಕ್ಕದವನು ನಮ್ಮ ಪೇಪರ್ ಡೀಲರ್ರು, ನಾನು ಅವನಿಗೆ ಎರಡು ತಿಂಗಳ ಬಾಕಿ ಕೊಡ್ಬೇಕು. ಅವತ್ತು ಕಲಿತಿದ್ದು ಅಷ್ಟೇ.

ಹಂಗಾಗಿ ಕೇಳ್ತಿದೀನಿ, ನೀವು ನಿಜವಾಗ್ಲೂ ಓದಿ ಅಥವಾ ಕೇಳಿ, ಆಮೇಲೆ ನಿಮ್ಮ ಅಂಗಡಿಲೋ ಕೆಲ್ಸದಲ್ಲೋ ಏನೋ ಒಂದು ಬದಲಾಯಿಸಿದ್ದು ಇದ್ರೆ ಮಾತ್ರ ಹೇಳಿ. ಕನ್ನಡ ಆದ್ರೆ ಒಳ್ಳೇದು, ಇಂಗ್ಲಿಷ್ ನಿಧಾನಕ್ಕೆ ಓದ್ತೀನಿ. ವಿಡಿಯೋ ಆದ್ರೆ ಅರ್ಧ ಗಂಟೆ ಒಳಗೆ ಇರ್ಲಿ, ಮಷೀನ್ ಓಡುವಾಗ ನೋಡೋದು.

ನಿವೃತ್ತ ಗುಮಾಸ್ತ (ಉಡುಪಿ)

ನಿಮ್ಮ ಪೇಪರ್ ಡೀಲರ್ ಕತೆ ಓದಿ ಚಾ ಮೂಗಿಗೆ ಹತ್ತಿತು ಮಾರಾಯ್ರೆ.

ನಾನು ಪುಸ್ತಕಕ್ಕಿಂತ ಮೊದಲು ಒಂದು ವಿಷಯ ಹೇಳ್ತೇನೆ, ಯಾಕಂದ್ರೆ ನಾನು ಬ್ಯಾಂಕಲ್ಲಿ ಇಡೀ ಆಯುಷ್ಯ ಕಳೆದವ. ಸಿಂಡಿಕೇಟ್ ಬ್ಯಾಂಕ್ ಶುರುವಾದದ್ದು ನಮ್ಮ ಉಡುಪಿಯಲ್ಲಿ, 1925ರಲ್ಲಿ, ಬಂಡವಾಳ 8,000 ರೂಪಾಯಿ. ಉಪೇಂದ್ರ ಪೈ, ಡಾಕ್ಟರ್ ಟಿ.ಎಂ.ಎ. ಪೈ, ವಾಮನ ಕುಡ್ವ ಈ ಮೂರು ಜನ. ಕಷ್ಟದಲ್ಲಿದ್ದ ನೇಕಾರರಿಗೆ ಸಹಾಯ ಆಗ್ಲಿ ಅಂತ ಹೊರಟದ್ದು. ಬ್ಯಾಂಕ್ ಅಂದ್ರೆ ಆಗ ದುಡ್ಡಿದ್ದವರ ಜಾಗ, ಬಡವ ಒಳಗೆ ಕಾಲಿಡುದೇ ಇಲ್ಲ. ಹಾಗಾಗಿ 1928ರಲ್ಲಿ ಪಿಗ್ಮಿ ಅಂತ ಮಾಡಿದ್ರು, ಏಜೆಂಟ್ ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋಗಿ ಎರಡಾಣೆ ತಕೊಂಡು ಬರುದು. ಇಷ್ಟೇ. ಈಗಲೂ ಕರಾವಳಿಯಲ್ಲಿ ಮೀನು ಮಾರುವವರ ಹತ್ರ ಕೇಳಿ, ಪಿಗ್ಮಿ ಅಂದ್ರೆ ಗೊತ್ತುಂಟು. ಬ್ಯಾಂಕೇ 2020ರಲ್ಲಿ ಕೆನರಾದೊಟ್ಟಿಗೆ ಸೇರಿ ಹೋಯಿತು, ಅದು ಬೇರೆ ಬೇಸರ.

ಇದನ್ನು ಯಾಕೆ ಹೇಳಿದೆ ಅಂದ್ರೆ ಹರೀಶ್ ಹಂದೆಯವರ ಯಾವುದಾದ್ರೂ ಭಾಷಣ ಹುಡುಕಿ ಕೇಳಿ, ಯೂಟ್ಯೂಬಲ್ಲಿ ಬೇಕಾದಷ್ಟು ಉಂಟು. 1995ರಿಂದ ಸೆಲ್ಕೋ ಅಂತ ಸೋಲಾರ್ ಕಂಪನಿ ನಡೆಸಿದವರು, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಹೇಳುವ ಒಂದು ಸಂಗತಿ ನನಗೆ ತಲೆಯಿಂದ ಹೋಗುದೇ ಇಲ್ಲ. ಬೀದಿ ಬದಿ ವ್ಯಾಪಾರ ಮಾಡುವ ಒಬ್ಬ ಹೆಂಗಸು ತಿಂಗಳಿಗೆ 300 ರೂಪಾಯಿ ಆಗುದಿಲ್ಲ, ದಿನಕ್ಕೆ 10 ರೂಪಾಯಿ ಆದ್ರೆ ಆಗ್ತದೆ ಅಂದಳಂತೆ. ಲೆಕ್ಕ ಎರಡೂ ಒಂದೇ. ನಮಗೆ ಒಂದೇ, ಅವಳಿಗೆ ಒಂದೇ ಅಲ್ಲ. ಅವಳ ಕೈಗೆ ದುಡ್ಡು ಬರುದು ದಿನದ ಲೆಕ್ಕದಲ್ಲಿ. ಎರಡಾಣೆ ಪಿಗ್ಮಿ ಮಾಡಿದವರಿಗೆ ಅದು 1928ರಲ್ಲೇ ಗೊತ್ತಿತ್ತು ನೋಡಿ.

ನಿಮ್ಮ ಗಿರಾಕಿಗಳ ಕೈಗೆ ದುಡ್ಡು ಯಾವಾಗ ಬರ್ತದೆ, ಯಾವಾಗ ಅವರಿಗೆ ಅಚ್ಚು ಹಾಕಿಸುವ ಕೆಲಸ ಬೀಳ್ತದೆ, ಅದನ್ನು ಬರೆದು ಇಟ್ಟಿದ್ದೀರಾ? ನಾನು ಕೇಳಿದ್ದು ಅಷ್ಟೇ.

ಪಿಕ್ಸೆಲ್ ಪುಟ್ಟ (ಬೆಂಗಳೂರು)

ಬ್ರೋ ನಾನೂ ಡಿಸೈನರ್ರೇ, ಆಪ್ ಡಿಸೈನ್ ಮಾಡ್ತೀನಿ, ಆದ್ರೆ ಮೊಳೆ ಜೋಡಿಸೋ ಮನೆ ಅಂದ ತಕ್ಷಣ ಹೊಟ್ಟೆಕಿಚ್ಚಾಯ್ತು. ಆ ಮೊಳೆಗಳು ಇನ್ನೂ ಇದ್ರೆ ದಯವಿಟ್ಟು ಗುಜರಿಗೆ ಹಾಕ್ಬೇಡಿ.

ಮೊದ್ಲು ಎಲ್ರೂ ಹೇಳೋದೇ ನಾನೂ ಹೇಳ್ಬಿಡ್ತೀನಿ, ಸ್ಟೀವ್ ಜಾಬ್ಸ್ 2005ರಲ್ಲಿ ಸ್ಟ್ಯಾನ್‌ಫರ್ಡಲ್ಲಿ ಮಾಡಿದ ಭಾಷಣ. ಹದಿನೈದು ನಿಮಿಷ. ಅದರ ಕೊನೆ ಸಾಲನ್ನ ಎಲ್ರೂ ಸ್ಟೇಟಸ್ ಹಾಕಿ ಹಾಕಿ ಸವೆಸಿಬಿಟ್ಟಿದಾರೆ, ಅದನ್ನ ಬಿಡಿ. ನೀವು ಮೊದಲನೇ ಕತೆ ಮಾತ್ರ ಕೇಳಿ. ರೀಡ್ ಕಾಲೇಜು ಬಿಟ್ಮೇಲೂ ಅಲ್ಲೇ ಸುತ್ತಾಡ್ಕೊಂಡು ಕ್ಯಾಲಿಗ್ರಫಿ ಕ್ಲಾಸಲ್ಲಿ ಹೋಗಿ ಕೂರ್ತಿದ್ದ, ಅಕ್ಷರ ಅಕ್ಷರದ ಮಧ್ಯೆ ಎಷ್ಟು ಜಾಗ ಬಿಡ್ಬೇಕು ಅನ್ನೋದೆಲ್ಲ ಅಲ್ಲಿ ಕಲಿತ, ಆಗ ಅದರಿಂದ ನಾಲ್ಕಾಣೆ ಉಪಯೋಗ ಇರ್ಲಿಲ್ಲ, ಹತ್ತು ವರ್ಷ ಆದ್ಮೇಲೆ ಮ್ಯಾಕಿಂಟಾಷ್ ಕಂಪ್ಯೂಟರ್ ಮಾಡುವಾಗ ಅಷ್ಟೂ ಅದರೊಳಗೆ ಹೋಯ್ತು. ನಿಮ್ಮ ತಂದೆ ಕೈಯಲ್ಲಿ ಮಾಡ್ತಿದ್ದ ಕೆಲ್ಸಾನೇ ಅದು, ಒತ್ತಕ್ಷರಕ್ಕೆ ಜಾಗ ಹೊಂದಿಸೋದು ಇಂಗ್ಲಿಷಿಗಿಂತ ಹತ್ತು ಪಟ್ಟು ಕಷ್ಟ. ಈಗ ಕನ್ನಡ ಅಕ್ಷರನ ಚೆನ್ನಾಗಿ ಕೂರಿಸೋರು ಎಷ್ಟು ಜನ ಇದಾರೆ ಹೇಳಿ, ಬೆಂಗಳೂರಲ್ಲಿ ಬೋರ್ಡ್ ನೋಡಿದ್ರೆ ಅಳು ಬರುತ್ತೆ.

ಎರಡನೇದು ಪುಸ್ತಕ. ಎಡ್ ಕ್ಯಾಟ್ಮಲ್ ಬರ್ದಿರೋ ಕ್ರಿಯೇಟಿವಿಟಿ ಇಂಕ್, 2014ರದ್ದು. ಕಾರ್ಟೂನ್ ಸಿನಿಮಾ ಮಾಡೋ ಪಿಕ್ಸಾರ್ ಕಂಪನಿ ಕಟ್ಟಿದವ್ರಲ್ಲಿ ಒಬ್ರು. ದಪ್ಪ ಇದೆ, ನೀವು ಪೂರ್ತಿ ಓದ್ಲಿಲ್ಲ ಅಂದ್ರೂ ಟಾಯ್ ಸ್ಟೋರಿ 2 ಸಿನಿಮಾ ಮಾಡುವಾಗಿನ ಕತೆ ಓದಿ. 1998ರಲ್ಲಿ ಯಾರೋ ಒಂದು ಡಿಲೀಟ್ ಕಮಾಂಡ್ ಕೊಟ್ಬಿಟ್ರು, ಕಣ್ಣೆದುರಿಗೇ ಕ್ಯಾರೆಕ್ಟರ್‌ಗಳು ಒಂದೊಂದೇ ಮಾಯ ಆಗ್ತಾ ಹೋದ್ವು. ಬ್ಯಾಕಪ್ ಇದೆ ಅಂತ ಎಲ್ರೂ ಧೈರ್ಯವಾಗಿದ್ರು, ತೆಗೆದು ನೋಡಿದ್ರೆ ಅದು ಕೆಲ್ಸಾನೇ ಮಾಡ್ತಿರ್ಲಿಲ್ಲ. ಆಮೇಲೆ ಬಾಣಂತನಕ್ಕೆ ಮನೆಯಿಂದ ಕೆಲ್ಸ ಮಾಡ್ತಿದ್ದ ಒಬ್ಬ ಮೇಡಂ ಮನೆಲಿ ಒಂದು ಕಾಪಿ ಇದೆ ಅಂತ ನೆನಪಾಗಿ, ಆ ಕಂಪ್ಯೂಟರನ್ನ ಕಂಬಳಿಲಿ ಸುತ್ತಿ ಕಾರಲ್ಲಿ ಮಗು ಥರ ತಂದ್ರು. ನನಗೆ ಇಷ್ಟ ಆಗಿದ್ದು ಅದಲ್ಲ, ಡಿಲೀಟ್ ಮಾಡಿದ್ಯಾರು ಅಂತ ಹುಡ್ಕೋಕೆ ಅವ್ರು ಹೋಗ್ಲಿಲ್ಲ. ನಮ್ಮ ಆಫೀಸಲ್ಲಾಗಿದ್ರೆ ಮೊದ್ಲು ಅದೇ ಮೀಟಿಂಗು. ಇನ್ನೊಂದು ತಮಾಷೆ ಏನಂದ್ರೆ ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಆ ಸಿನಿಮಾನೇ ಚೆನ್ನಾಗಿಲ್ಲ ಅಂತ ಆಮೇಲೆ ಕತೆನೇ ಬದಲಾಯಿಸಿ ಒಂಬತ್ತು ತಿಂಗಳಲ್ಲಿ ಹೊಸದಾಗಿ ಮಾಡಿದ್ರು.

ಆಲೆಮನೆ (ಮಂಡ್ಯ)

ಗೆದ್ದೋರು ಬರ್ದಿದ್ದನ್ನ ಓದ್ಕೊಂಡು ಏನ್ ಮಾಡೀರಿ ಸ್ವಾಮಿ. ಅವ್ನಂಗೇ ಮಾಡಿ ಸೋತೋರು ಸಾವಿರ ಜನ ಅವ್ರೆ, ಅವ್ರ ಪುಸ್ತಕ ಯಾರ್ ಹಾಕ್ತಾರೆ? ನಿಮ್ ಪ್ರೆಸ್ಸೇ ಹಾಕಲ್ಲ, ಅಡ್ವಾನ್ಸ್ ಕೇಳ್ತೀರಾ.

ಮೂರು ದಿನ ಶಟರ್ ಎಳ್ದು ಊರೆಲ್ಲ ಸುತ್ತಿ ಬನ್ನಿ. ಯಾರ್ಯಾರು ಏನೇನು ಪ್ರಿಂಟ್ ಹಾಕಿಸ್ತಾವ್ರೆ ಅಂತ ಕಣ್ಣಲ್ಲೇ ನೋಡಿ. ಪುಸ್ತಕ ಆಮೇಲೆ.

ಕಾಫಿ ಡೇ ಅಲ್ಲ ಕಾಫಿ ತೋಟ (ಸಕಲೇಶಪುರ)

ಆಲೆಮನೆಯವರ ಮಾತು ಅರ್ಧ ಸರಿ. ಆದ್ರೆ ಸೋತಿದ್ದನ್ನೂ ಬರೆದಿರೋ ಪುಸ್ತಕಗಳು ಇವೆ. ಕ್ಯಾಪ್ಟನ್ ಗೋಪಿನಾಥ್ ಆತ್ಮಕತೆ ಸಿಂಪ್ಲಿ ಫ್ಲೈ ಓದಿ, ಕನ್ನಡಕ್ಕೂ ಬಂದಿದೆ. ಎಲ್ರೂ ಏರ್ ಡೆಕ್ಕನ್ ಭಾಗ ಓದೋಕೆ ಓಡ್ತಾರೆ, 2003ರಲ್ಲಿ ವಿಮಾನ ಹಾರಿಸಿದ್ದು, ಒಂದು ರೂಪಾಯಿ ಟಿಕೆಟ್ಟು, ತಮಿಳಲ್ಲಿ ಅದರ ಮೇಲೆ ನಟ ಸೂರ್ಯನ ಸಿನಿಮಾ ಬೇರೆ ಬಂತು. ನನಗೆ ಅದಕ್ಕಿಂತ ಮೊದಲಿನ ಭಾಗ ಇಷ್ಟ. ಗೊರೂರಿನ ಮೇಷ್ಟ್ರ ಮಗ, ಮಿಲಿಟರಿ ಬಿಟ್ಟು ಬಂದು ಜಾವಗಲ್ ಹತ್ರ ಬರಡು ಜಮೀನಲ್ಲಿ ಟೆಂಟ್ ಹಾಕ್ಕೊಂಡು ಕೂತಿದ್ದು, ತೆಂಗು ಇಟ್ಟಿದ್ದು, ರೇಷ್ಮೆ ಮಾಡಿದ್ದು, ಮಧ್ಯದಲ್ಲಿ ಹಾಸನದಲ್ಲಿ ಬೈಕ್ ಡೀಲರ್‌ಶಿಪ್ಪು, ಹೋಟ್ಲು, ಒಂದಾ ಎರಡಾ. ರೇಷ್ಮೆ ಕೃಷಿಗೇ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಅಂದ್ರೆ ವಿಮಾನಕ್ಕೆ ಕೈ ಹಾಕೋ ಹೊತ್ತಿಗೆ ಆ ಮನುಷ್ಯ ಇಪ್ಪತ್ತು ವರ್ಷದಿಂದ ಕೈ ಸುಟ್ಕೊಂಡು ಅಭ್ಯಾಸ ಆಗಿತ್ತು. ಕೊನೆಗೆ ಆ ಕಂಪನಿನೂ ಕೈಬಿಟ್ಟು ಹೋಯ್ತು, ಕಿಂಗ್‌ಫಿಶರ್ ಪಾಲಾಯ್ತು, 2012ಕ್ಕೆ ಕಿಂಗ್‌ಫಿಶರೂ ನೆಲಕ್ಕಿಳೀತು. ಹಂಗಾಗಿ ಇದು ಗೆದ್ದವನ ಪುಸ್ತಕ ಅಂತ ಹೇಳೋಕೂ ಬರಲ್ಲ.

ನಮ್ಮ ಅಪ್ಪನೂ ಆ ಕಾಲದಲ್ಲಿ ಏಲಕ್ಕಿ ಬಿಟ್ಟು ಏನೇನೋ ಮಾಡಕ್ಕೆ ಹೋಗಿ ಮುಳುಗಿದ್ರು, ಪುಸ್ತಕ ಓದಿದ ಮೇಲೆ ಅವರ ಮೇಲಿನ ಸಿಟ್ಟು ಸ್ವಲ್ಪ ಕಮ್ಮಿ ಆಯ್ತು. ಅದೂ ಒಂದು ಉಪಯೋಗ ಅಂದ್ಕೊಳ್ಳಿ.

ಮೊಳೆಮನೆ (ದಾವಣಗೆರೆ)

ಇಷ್ಟು ಜನ ಬರೀತೀರಿ ಅಂದ್ಕೊಂಡಿರ್ಲಿಲ್ಲ.

ಪಿಕ್ಸೆಲ್ ಪುಟ್ಟ, ಟಾಯ್ ಸ್ಟೋರಿ ಕತೆ ಓದಿ ಎದೆ ಝಲ್ ಅಂತು. ಹೋದ ವರ್ಷ ನಮ್ಮ ಹಾರ್ಡ್ ಡಿಸ್ಕ್ ಹೋಯ್ತು, ಎಂಟು ವರ್ಷದ ಲಗ್ನಪತ್ರಿಕೆ ಡಿಸೈನು, ಗಣಪತಿ ಬಾರ್ಡರುಗಳು, ಎಲ್ಲ. ಬ್ಯಾಕಪ್ ಪೆನ್‌ಡ್ರೈವಲ್ಲಿತ್ತು, ಪೆನ್‌ಡ್ರೈವ್ ಮಗನ ಹತ್ರ ಇತ್ತು, ಮಗ ಅದನ್ನ ಅಳಿಸಿ ಸಿನಿಮಾ ತುಂಬ್ಕೊಂಡಿದ್ದ. ಯಾರು ಡಿಲೀಟ್ ಮಾಡಿದ್ದು ಅಂತ ನಾವು ಚೆನ್ನಾಗೇ ಹುಡುಕಿದ್ವಿ ಅವತ್ತು.

ಮೊಳೆ ಎರಡು ಕೇಸು ಅಟ್ಟದ ಮೇಲೆ ಇನ್ನೂ ಇದಾವೆ. ಗುಜರಿಯವನು ಸೀಸದ ತೂಕಕ್ಕೆ ಕೇಳಿದ್ದ, ಅಪ್ಪಾಜಿ ಬಿಡ್ಲಿಲ್ಲ.

ಉಡುಪಿ ಸರ್, ನೀವು ಕೇಳಿದ್ದು ನಾನು ಬರ್ದಿಟ್ಟಿಲ್ಲ. ಬಿಲ್ ಬುಕ್ ಹಾಕೋ ಮನುಷ್ಯ ನಾನು, ನಂದೇ ಹಳೇ ಬಿಲ್ ಬುಕ್ ಯಾವತ್ತೂ ತೆಗೆದು ನೋಡಿಲ್ಲ. ಈ ಭಾನುವಾರ ಕೂರ್ತೀನಿ.

ಚಟ್ನಿಪುಡಿ ಅಕ್ಕ (ಧಾರವಾಡ)

ನಮಸ್ಕಾರ್ರಿ ಅಣ್ಣಾರ. ನಾ ಮನ್ಯಾಗ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳ ಚಟ್ನಿ ಮಾಡಿ ಮಾರ್ತೀನ್ರಿ, ಆರ ವರ್ಷ ಆತು. ನಾ ಓದಿದ್ದು ಕಡಿಮಿ, ಆದ್ರ ಎರಡು ಹೇಳ್ತೀನಿ.

ಒಂದು, ಲಿಜ್ಜತ್ ಪಾಪಡ್ ಕತಿ ಎಲ್ಲೆ ಸಿಕ್ಕರೂ ಓದ್ರಿ. 1959ರಾಗ ಮುಂಬಯಿ ಗಿರಗಾಂವದಾಗ ಏಳು ಮಂದಿ ಹೆಣ್ಣಮಕ್ಕಳು 80 ರೂಪಾಯಿ ಸಾಲಾ ತಗೊಂಡು ಮಾಳಿಗಿ ಮ್ಯಾಲ ಹಪ್ಪಳ ಲಟ್ಟಿಸಾಕ ಚಾಲೂ ಮಾಡಿದ್ರು. ಮೊದಲನೇ ದಿನ ನಾಕ ಪಾಕೀಟ್ ಅಷ್ಟ. ಇವತ್ತ ಸಾವಿರಾರು ಹೆಣ್ಣಮಕ್ಕಳು ಅದರಾಗ ಅದಾರ, ಕೆಲಸಾ ಮಾಡಾವರ ಮಾಲಕರು. ನನ್ನ ಜೋಡಿ ಈಗ ಮೂರು ಮಂದಿ ಕೂಡ್ಯಾರ, ಪಗಾರ ಕೊಡ್ಲೋ ಪಾಲು ಕೊಡ್ಲೋ ಅಂತ ವಿಚಾರ ಮಾಡೂಮುಂದ ನನಗ ಇದ ನೆನಪಾತು. ಪಾಲು ಕೊಟ್ಟೆ. ಮೊದಲ ಎರಡು ತಿಂಗಳು ನಮ್ಮ ಮನಿಯವ್ರು ನನ್ನ ಜೋಡಿ ಮಾತಾಡಿಲ್ರಿ, ಆ ಮಾತು ಬ್ಯಾರೆ.

ಇನ್ನೊಂದು, ಮಂಥನ್ ಅಂತ ಹಿಂದಿ ಸಿನಿಮಾ, 1976ರದ್ದು. ನಮ್ಮ ಗಿರೀಶ ಕಾರ್ನಾಡರು ಹಾಲಿನ ಸಂಘಾ ಕಟ್ಟಾಕ ಬಂದ ದನದ ಡಾಕ್ಟರ್ ಆಗ್ಯಾರ, ಅನಂತನಾಗೂ ಅದಾರ. ಗುಜರಾತದ ಐದು ಲಕ್ಷ ರೈತರು ಎರಡೆರಡು ರೂಪಾಯಿ ಹಾಕಿ ತೆಗೆಸಿದ ಸಿನಿಮಾ ಅದು. ಮೊನ್ನೆ 2024ರಾಗ ಹೊಸದಾಗಿ ತಿಕ್ಕಿ ತೊಳದು ಕಾನ್ ಚಿತ್ರೋತ್ಸವದಾಗ ತೋರಿಸಿದ್ರಂತ. ಸಂಘಾ ಕಟ್ಟೂದು ಅಂದ್ರ ಊರಾಗ ಎಂಥೆಂಥಾ ಮಂದಿ ಅಡ್ಡ ಬರ್ತಾರ ಅನ್ನೂದು ಅದರಾಗ ನೋಡ್ಬೇಕು. ನಮ್ಮ ಓಣಿನ ನೋಡಿದಂಗ ಆತು ನನಗ.

ನಿವೃತ್ತ ಗುಮಾಸ್ತ (ಉಡುಪಿ)

ಅಕ್ಕ ಸರಿಯಾದ ಸಿನಿಮಾ ಹೇಳಿದ್ರು. ಅದರ ಹಿಂದಿನ ಅಸಲು ಕತೆ ಬೇಕಾದ್ರೆ ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಅವರ ಐ ಟೂ ಹ್ಯಾಡ್ ಎ ಡ್ರೀಮ್ ಓದಿ, 2005ರದ್ದು, ಇಂಗ್ಲಿಷ್ ಸುಲಭ ಉಂಟು. ಆ ಮನುಷ್ಯ 1949ರಲ್ಲಿ ಗುಜರಾತಿನ ಆನಂದ್ ಎಂಬ ಊರಿಗೆ ಬಂದದ್ದು ಇಷ್ಟ ಇದ್ದಲ್ಲ, ಸರಕಾರದ ಖರ್ಚಿನಲ್ಲಿ ಅಮೆರಿಕದಲ್ಲಿ ಓದಿದ್ದಕ್ಕೆ ಬಾಂಡ್ ಇತ್ತು, ಹಾಗೆ. ಆ ಹಳ್ಳಿಯಿಂದ ಯಾವಾಗ ಓಡಿಹೋಗುದು ಅಂತ ಕಾಯ್ತಾ ಇದ್ದವ. ಅಲ್ಲಿಯ ಹಾಲಿನ ಸಂಘದ ತ್ರಿಭುವನದಾಸ್ ಪಟೇಲರು ನಮ್ಮ ಮಷೀನ್ ಹಾಳಾಗಿದೆ ಸ್ವಲ್ಪ ನೋಡಿಕೊಟ್ಟು ಹೋಗು ಅಂದ್ರು, ಹಾಗೆ ನಿಂತವ ನಿಂತೇ ಬಿಟ್ಟ.

ಅದರಲ್ಲಿ ಎಮ್ಮೆ ಹಾಲಿನ ಪ್ರಕರಣ ಓದ್ಲೇಬೇಕು. ದನದ ಹಾಲಿನ ಪುಡಿ ಮಾಡ್ಲಿಕ್ಕೆ ಆಗ್ತದೆ, ಎಮ್ಮೆ ಹಾಲಿನದ್ದು ಆಗುದೇ ಇಲ್ಲ ಅಂತ ವಿದೇಶದ ತಜ್ಞರು ಕೂತಲ್ಲೇ ಹೇಳಿಬಿಟ್ಟಿದ್ದರು. ಕುರಿಯನ್ ಗೆಳೆಯ ದಲಾಯ ಅಂತ, ಅವರು ಬಣ್ಣ ಹೊಡೆಯುವ ಸ್ಪ್ರೇ ಗನ್ನೂ ಒಂದು ಬಿಸಿಗಾಳಿ ಬೀಸುವ ಯಂತ್ರವೂ ಜೋಡಿಸಿ ಎಮ್ಮೆ ಹಾಲನ್ನು ಚಿಮುಕಿಸಿ ಪುಡಿ ಮಾಡಿ ತೋರಿಸಿದ್ರು. 1955ಕ್ಕೆ ಅದೇ ಪುಡಿಯ ಕಾರ್ಖಾನೆ ಆಯಿತು. ಗುಜರಾತಿನಲ್ಲಿ ಇದ್ದದ್ದೇ ಎಮ್ಮೆ, ಅದು ಆಗದೇ ಹೋಗಿದ್ರೆ ಅಮುಲ್ ಇಲ್ಲ, ಅಮುಲ್ ನೋಡಿ ಕಟ್ಟಿದ ನಮ್ಮ ನಂದಿನಿಯೂ ಇಲ್ಲ.

ಲೆಕ್ಕಪತ್ರ (ಮೈಸೂರು)

ಟ್ಯಾಕ್ಸ್ ಸೀಸನ್ ಮಧ್ಯೆ ಬರೀತಿದೀನಿ, ಬೇಗ ಮುಗಿಸ್ತೀನಿ.

ದುಡ್ಡು ಕೊಡದೇ ಸಿಗೋ ಅತ್ಯಂತ ಒಳ್ಳೆ ಬಿಸಿನೆಸ್ ಓದು ಅಂದ್ರೆ ಅಮೆರಿಕದ ಹೂಡಿಕೆದಾರ ವಾರೆನ್ ಬಫೆಟ್ ತನ್ನ ಷೇರುದಾರರಿಗೆ ಬರೆದ ಪತ್ರಗಳು, 1977ರಿಂದ ಆಚೆಯವೆಲ್ಲ ಆತನ ಕಂಪನಿ ಬರ್ಕ್‌ಷೈರ್ ಹಾಥವೇ ವೆಬ್‌ಸೈಟಲ್ಲೇ ಇವೆ. ತನ್ನ ಅಕ್ಕ ತಂಗೀರಿಗೆ ಅರ್ಥ ಆಗೋ ಹಾಗೆ ಬರೀತೀನಿ ಅಂತ ಆತನೇ ಹೇಳಿದಾನೆ, ಹಂಗಾಗಿ ಇಂಗ್ಲಿಷ್ ಸರಳ. ಎಲ್ಲಾ ಓದೋಕೆ ಹೋಗ್ಬೇಡಿ, 1989ನೇ ಇಸವಿದ್ದು ತೆಗೀರಿ. ಅದರಲ್ಲಿ ಇಪ್ಪತ್ತೈದು ವರ್ಷದಲ್ಲಿ ತಾನು ಮಾಡಿದ ತಪ್ಪುಗಳ ಪಟ್ಟಿ ಇದೆ. ಮೊದಲನೇ ತಪ್ಪೇ ಬರ್ಕ್‌ಷೈರ್ ಕೊಂಡಿದ್ದು! ಅದು ಮೊದಲು ಬಟ್ಟೆ ಗಿರಣಿ, ಕಮ್ಮಿ ರೇಟಿಗೆ ಸಿಗ್ತು ಅಂತ ತಗೊಂಡ, ಇಪ್ಪತ್ತು ವರ್ಷ ಎಳೆದಾಡಿ 1985ರಲ್ಲಿ ಮುಚ್ಚಿದ. ಆಲೆಮನೆ ಸ್ವಾಮಿಗಳು ಇದನ್ನ ಓದ್ಲೇಬೇಕು.

ಇನ್ನೊಂದು, ರಿಚರ್ಡ್ ಹ್ಯಾಮಿಂಗ್ ಅನ್ನೋ ಗಣಿತಜ್ಞ 1986ರಲ್ಲಿ ಮಾಡಿದ ಭಾಷಣ, ಹೆಸರು ಯು ಅಂಡ್ ಯುವರ್ ರಿಸರ್ಚ್, ಬರಹ ರೂಪದಲ್ಲೂ ಸಿಗುತ್ತೆ. ವಿಜ್ಞಾನಿಗಳಿಗೆ ಮಾಡಿದ್ದು ಅಂತ ಹೆದರ್ಬೇಡಿ. ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾ ಸಂಸ್ಥೇಲಿ ಈತ ಮಧ್ಯಾಹ್ನ ಊಟಕ್ಕೆ ರಸಾಯನಶಾಸ್ತ್ರದವರ ಟೇಬಲ್ಲಿಗೆ ಹೋಗಿ ಕೂತು, ನಿಮ್ಮ ಕ್ಷೇತ್ರದಲ್ಲಿ ಮುಖ್ಯವಾದ ಸಮಸ್ಯೆ ಯಾವುದು ಅಂತ ಕೇಳ್ತಿದ್ದ. ಒಂದು ವಾರ ಬಿಟ್ಟು, ಈಗ ನೀವು ಯಾವುದರ ಮೇಲೆ ಕೆಲ್ಸ ಮಾಡ್ತಿದೀರಿ ಅಂತ. ಆಮೇಲೆ, ಮುಖ್ಯ ಅಲ್ಲ ಅಂದ್ಮೇಲೆ ಅದನ್ನ ಯಾಕೆ ಮಾಡ್ತಿದೀರಿ ಅಂತ. ಆಮೇಲೆ ಆ ಟೇಬಲ್ಲಿಗೆ ಅವನನ್ನ ಯಾರೂ ಸೇರಿಸ್ಲಿಲ್ಲ. ನಾನು ಇದನ್ನ ನನ್ನ ಕ್ಲೈಂಟ್‌ಗಳ ಮೇಲೆ ಟ್ರೈ ಮಾಡಿದೆ, ಇಬ್ಬರು ಬೇರೆ ಆಡಿಟರ್ ಹತ್ರ ಹೋದ್ರು.

ರಂಗಪರದೆ (ತುಮಕೂರು)

ಅಮೆರಿಕ, ಗುಜರಾತು ಎಲ್ಲ ಆಯ್ತು. ಗುಬ್ಬಿ ವೀರಣ್ಣನವರ ಆತ್ಮಕತೆ ಕಲೆಯೇ ಕಾಯಕ ಯಾರೂ ಹೇಳ್ಲೇ ಇಲ್ವಲ್ಲ! ವ್ಯಾಪಾರ ಮತ್ತು ಕಲೆ ಎರಡೂ ಒಂದೇ ಪುಸ್ತಕದಲ್ಲಿ ಬೇಕು ಅಂದ್ರೆ ಅದಕ್ಕಿಂತ ಬೇರೆ ಏನು ಬೇಕು. 1884ರಲ್ಲಿ ಗುಬ್ಬಿಲಿ ಶುರುವಾದ ಕಂಪನಿ, ವೀರಣ್ಣ ಚಿಕ್ಕ ಹುಡುಗ ಆಗಿದ್ದಾಗಲೇ ಸೇರ್ಕೊಂಡು ಆಮೇಲೆ ಅದಕ್ಕೇ ಯಜಮಾನರಾದ್ರು. ನಾಟಕ ಕಂಪನಿ ಅಂದ್ರೆ ಸುಮ್ನೆ ಬಣ್ಣ ಹಚ್ಚೋದಲ್ಲ ಸ್ವಾಮಿ, ನೂರಾರು ಜನಕ್ಕೆ ಎರಡು ಹೊತ್ತು ಊಟ, ಊರಿಂದ ಊರಿಗೆ ಸಾಮಾನು, ಟೆಂಟು, ಲೈಟು, ಮಳೆ ಬಂದ್ರೆ ಕಲೆಕ್ಷನ್ ಇಲ್ಲ, ಆದ್ರೂ ಸಂಬಳ ಕೊಡ್ಬೇಕು. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆ ತಂದು ನಿಲ್ಸಿದ್ರು. ಆ ಕಂಪನಿಯಿಂದ ಬಂದವ್ರ ಹೆಸರು ನೋಡಿ, ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತ. ಯಾವ ಮ್ಯಾನೇಜ್‌ಮೆಂಟ್ ಕಾಲೇಜಿಗೂ ಇಂಥ ಬ್ಯಾಚ್ ಇಲ್ಲ.

ಬಿ.ವಿ. ಕಾರಂತರದ್ದೂ ಒಂದಿದೆ, ವೈದೇಹಿಯವರು ಕೇಳಿ ಬರ್ಕೊಂಡಿದ್ದು, ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ. ಅದು ವ್ಯಾಪಾರಕ್ಕಲ್ಲ, ಕೆಲ್ಸದ ಹುಚ್ಚು ಅಂದ್ರೆ ಏನು ಅಂತ ತಿಳ್ಕೊಳ್ಳೋಕೆ.

ನೀವು ಪ್ರೆಸ್ಸಿನವ್ರು ಅಂತ ಇನ್ನೊಂದು. ಶಿವರಾಮ ಕಾರಂತರ ಹುಚ್ಚು ಮನಸ್ಸಿನ ಹತ್ತು ಮುಖಗಳು. ಪುತ್ತೂರಲ್ಲಿ ಬಾಲವನ, ಮೂಕಿ ಸಿನಿಮಾ, ಯಕ್ಷಗಾನ, ಮಕ್ಕಳಿಗೆ ವಿಶ್ವಕೋಶ, ತಾವೇ ಪ್ರೆಸ್ ಇಟ್ಕೊಂಡು ತಮ್ಮ ಪುಸ್ತಕ ತಾವೇ ಅಚ್ಚು ಹಾಕಿದ್ದು, ಕೈಗೆ ಬಂದ ದುಡ್ಡೆಲ್ಲ ಅದರಲ್ಲೇ ಹೋಗಿದ್ದು. ಲಾಭ ಮಾಡೋದು ಹೇಗೆ ಅಂತ ಅದರಲ್ಲಿ ಹುಡುಕ್ಬೇಡಿ, ಸಿಗಲ್ಲ. ಆದ್ರೆ ಓದಿ ಎದ್ದ ದಿನ ಸುಮ್ನೆ ಕೂರೋಕೆ ಆಗಲ್ಲ.

ಪಿಕ್ಸೆಲ್ ಪುಟ್ಟ (ಬೆಂಗಳೂರು)

ಇಂಗ್ಲಿಷ್ ಭಯ ಇರೋರಿಗೆ ಇನ್ನೊಂದು ನೆನಪಾಯ್ತು. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಟೆಡ್ ಟಾಕ್, 2012ರದ್ದು. ಹೆಣ್ಣುಮಕ್ಕಳ ಸ್ಯಾನಿಟರಿ ಪ್ಯಾಡ್ ಮಾಡೋ ಮಷೀನ್ ಕಂಡುಹಿಡಿದವ್ರು. ಅವ್ರ ಇಂಗ್ಲಿಷ್ ನಮ್ಮೆಲ್ರಿಗಿಂತ ಮೇಲೇನಲ್ಲ, ಸಭೆ ಪೂರ್ತಿ ನಗ್ತಿರುತ್ತೆ, ಅವ್ರಿಗೆ ಬೇಕಾದಾಗ ನಗಿಸ್ತಾರೆ ಬೇಕಾದಾಗ ಸುಮ್ಮನಾಗಿಸ್ತಾರೆ. ಪರೀಕ್ಷೆ ಮಾಡೋಕೆ ಯಾರೂ ಸಿಗ್ಲಿಲ್ಲ ಅಂತ ಫುಟ್‌ಬಾಲ್ ಬ್ಲ್ಯಾಡರಲ್ಲಿ ಮೇಕೆ ರಕ್ತ ತುಂಬಿ ತಾವೇ ಕಟ್ಕೊಂಡು ಓಡಾಡಿದ್ರು, ಹೆಂಡ್ತಿ ಬಿಟ್ಟು ಹೋದ್ರು, ಅಮ್ಮನೂ ಹೋದ್ರು, ಆಮೇಲೆ ಹೆಂಡ್ತಿ ವಾಪಸ್ ಬಂದ್ರು. ದೊಡ್ಡ ಕಂಪನಿಗೆ ಮಾರಿ ಆರಾಮಾಗಿರಬಹುದಿತ್ತು, ಮಾಡ್ಲಿಲ್ಲ, ಮಷೀನನ್ನ ಸ್ತ್ರೀಶಕ್ತಿ ಸಂಘಗಳಂಥವಕ್ಕೆ ಕೊಟ್ರು.

ಮತ್ತೆ ಡಿಸೈನ್ ಅಂದ್ಮೇಲೆ ಒಂದು ಮನೆ ಪಾಠ. ಮೈಸೂರ್ ಸ್ಯಾಂಡಲ್ ಸೋಪಿನ ಡಬ್ಬಿ ಒಂದು ತಗೊಂಡು ಬಂದು ಟೇಬಲ್ ಮೇಲೆ ಇಟ್ಕೊಳ್ಳಿ. ಮೊದಲನೇ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗೋದು ನಿಂತು ರಾಶಿ ಬಿತ್ತು, ಅದಕ್ಕೆ ಎಣ್ಣೆ ತೆಗೆದ್ರು, ಎಣ್ಣೆಯಿಂದ ಸೋಪು ಮಾಡಿದ್ರು. ಡಬ್ಬಿ ಮಾತ್ರ ಸೋಪಿನ ಡಬ್ಬಿ ಥರ ಅಲ್ಲ, ಒಡವೆ ಪೆಟ್ಟಿಗೆ ಥರ. ನೂರು ವರ್ಷ ಆದ್ರೂ ಆ ಶರಭದ (ಆನೆ ತಲೆಯ ಸಿಂಹ) ಗುರುತು ಯಾರೂ ತೆಗೆದಿಲ್ಲ. ವಿಡಿಯೋ ಇಲ್ಲ, ಭಾಷಣ ಇಲ್ಲ, ಸುಮ್ನೆ ಡಬ್ಬಿ ನೋಡಿ.

ಆಲೆಮನೆ (ಮಂಡ್ಯ)

ಬಫೆಟ್ಟಂದು ಗೂಗಲ್ ಟ್ರಾನ್ಸ್‌ಲೇಟ್ ಹಾಕ್ಕೊಂಡು ಓದ್ದೆ. ಪರ್ವಾಗಿಲ್ಲ. ನಮ್ಮ ಆಲೆಮನೆನೂ ನಮ್ಮಪ್ಪ ಕಮ್ಮಿ ರೇಟಿಗೆ ಸಿಗ್ತದೆ ಅಂತಾನೇ ತಗಂಡಿದ್ದು.

ಮೊಳೆಮನೆ (ದಾವಣಗೆರೆ)

ಹತ್ತು ದಿನ ಆದ್ಮೇಲೆ ಬರ್ತಿದೀನಿ, ಕ್ಷಮಿಸಿ, ಶ್ರಾವಣಕ್ಕೆ ಪತ್ರಿಕೆ ಕೆಲ್ಸ ಸ್ವಲ್ಪ ಬಂತು.

ಭಾನುವಾರ ಕೂತು ಮೂರು ವರ್ಷದ ಬಿಲ್ ಬುಕ್ ತೆಗೆದು ತಿಂಗಳು ತಿಂಗಳು ಬರ್ದೆ ಉಡುಪಿ ಸರ್. ಲಗ್ನಪತ್ರಿಕೆ ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಇಳಿದಿದೆ. ಆದ್ರೆ ಒಂದು ನನ್ನ ಕಣ್ಣಿಗೇ ಬಿದ್ದಿರ್ಲಿಲ್ಲ, ಬೆಣ್ಣೆ, ಮಂಡಕ್ಕಿ ಖಾರ, ಉಪ್ಪಿನಕಾಯಿ, ರೊಟ್ಟಿ ಈ ಥರ ಮನೇಲಿ ಮಾಡಿ ಮಾರೋರ ಸ್ಟಿಕ್ಕರು, ಲೇಬಲ್ಲು ಮೂರು ವರ್ಷದಿಂದ ಏರ್ತಾನೇ ಇದೆ. ಸಣ್ಣ ಸಣ್ಣ ಬಿಲ್ಲು, 400, 600, ಹಂಗಾಗಿ ಗಮನಕ್ಕೇ ಬಂದಿಲ್ಲ. ಅವ್ರೆಲ್ಲ 1,000 ಲೇಬಲ್ ಒಟ್ಟಿಗೆ ಹಾಕ್ಸೋಕೆ ಆಗಲ್ಲ ಅಂತಾರೆ, ನಾನು ಅದಕ್ಕಿಂತ ಕಮ್ಮಿ ಆಗಲ್ಲ ಅಂತ ವಾಪಸ್ ಕಳಿಸ್ತಿದ್ದೆ. ತಿಂಗಳಿಗೆ 300, ದಿನಕ್ಕೆ 10, ಅಲ್ವಾ ಸರ್. ಈಗ ಒಂದೇ ಶೀಟಲ್ಲಿ ನಾಲ್ಕೈದು ಜನದ ಲೇಬಲ್ ಸೇರಿಸಿ ಹಾಕಿ ಕತ್ತರಿಸಿದ್ರೆ 100, 150 ಕೊಡಬಹುದಾ ಅಂತ ಲೆಕ್ಕ ಹಾಕ್ತಿದೀನಿ, ಪೇಪರ್ ವೇಸ್ಟ್ ಜಾಸ್ತಿ ಆಗುತ್ತೆ, ರೇಟ್ ಇನ್ನೂ ಕೂತಿಲ್ಲ.

ಅಟ್ಟದ ಮೊಳೆ ಕೆಳಗೆ ಇಳಿಸಿದ್ವಿ. ಅಪ್ಪಾಜಿಗೆ 74, ಕಣ್ಣು ಮಂಜು, ಆದ್ರೂ ಕೈ ಹಾಕಿದ್ರೆ ಯಾವ ಅಕ್ಷರ ಯಾವ ಖಾನೇಲಿ ಅಂತ ಗೊತ್ತಾಗುತ್ತೆ ಅವ್ರಿಗೆ. ಒಂದು ಬೆಣ್ಣೆ ಅಂಗಡಿ ಹೆಸರು ಜೋಡಿಸಿ ಮಸಿ ಹಚ್ಚಿ ಒತ್ತಿದ್ರು, ನಾನು ಅದನ್ನ ಸ್ಕ್ಯಾನ್ ಮಾಡಿ ಲೇಬಲ್ಲಿಗೆ ಹಾಕಿದೆ. ಅಂಗಡಿಯವ್ರು ಇದು ಯಾವ ಫಾಂಟು ಅಂತ ಕೇಳಿದ್ರು.

ಜಾಬ್ಸ್ ಭಾಷಣ, ಮುರುಗಾನಂದಂ ಭಾಷಣ ಎರಡೂ ನೋಡ್ದೆ. ಎರಡನೇದು ಮನೆಯವ್ರ ಜೊತೆ ಇನ್ನೊಂದು ಸಲ. ಗುಬ್ಬಿ ವೀರಣ್ಣ ಪುಸ್ತಕ ಲೈಬ್ರರಿಲಿ ಸಿಗ್ತು, ಅರ್ಧ ಆಗಿದೆ. ಭಾಮೈದನಿಗೆ ಬಫೆಟ್ ಪತ್ರ ಕಳಿಸಿದೆ, ಅವತ್ತಿಂದ ಸಿಂಹ ಬಂದಿಲ್ಲ.

ಚಟ್ನಿಪುಡಿ ಅಕ್ಕ (ಧಾರವಾಡ)

ಅಣ್ಣಾರ, ನನ್ನ ಲೇಬಲ್ ಎಣ್ಣಿ ಹತ್ತಿ ಎರಡು ದಿನಕ್ಕ ಕಿತ್ತ ಬರ್ತಾವರಿ. ಶೇಂಗಾ ಚಟ್ನಿದು ಭಾಳ ತ್ರಾಸ. ನಿಮ್ಮ ಕಡೆ ಅದಕ್ಕ ಏನರ ಐತೇನ್ರಿ? ನನಗ 150 ಸಾಕು.

ಮೊಳೆಮನೆ (ದಾವಣಗೆರೆ)

ಪೇಪರ್ ಸ್ಟಿಕ್ಕರ್ ಹಾಕ್ಸಿರ್ತೀರಿ ಅಕ್ಕ, ಅದು ಎಣ್ಣೆ ಕುಡಿಯುತ್ತೆ. ಪ್ಲಾಸ್ಟಿಕ್ ಥರದ್ದು ಬರುತ್ತೆ, ಅದರ ಮೇಲೆ ಲ್ಯಾಮಿನೇಶನ್ ಮಾಡಿದ್ರೆ ನಿಲ್ಲುತ್ತೆ. ಪಾಕೀಟಿನ ಅಳತೆ ಮೆಸೇಜ್ ಮಾಡಿ, ಹೆಸರು ಅಪ್ಪಾಜಿ ಹತ್ರ ಜೋಡಿಸಿಸ್ತೀನಿ. ಅಗಸಿ, ಗುರೆಳ್ಳು ಅಂತ ನೀವು ಹೇಳೋ ಹಂಗೇ ಬರೆದು ಕಳಿಸಿ, ಪ್ರೂಫ್ ನೀವೇ ನೋಡ್ಬೇಕು.